ಛಲವೂ ಒಳಮಾತೂ

ಮೈಯ ತೂಕ ಇಳಿಸುವ ಮಾತು ಬಂದಾಗ ನಾವು ರೊಟ್ಟಿಯ ಲೆಕ್ಕ ಹಾಕುತ್ತೇವೆ, ನಡೆದ ದಾರಿಯ ಲೆಕ್ಕ ಹಾಕುತ್ತೇವೆ. ತಾಟಿನ ಮುಂದೆ ಕುಳಿತ ಮನುಷ್ಯ ತನ್ನೊಳಗೆ ತಾನು ಏನು ಹೇಳಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಕೈ ರೊಟ್ಟಿಯ ಬುಟ್ಟಿಗೆ ಹೋಗುವ ಮುನ್ನ ಒಳಗೊಂದು ಮಾತು ನಡೆದಿರುತ್ತದೆ. ಆ ಮಾತಿನ ಕುರಿತು ಕೆಲವು ವಿಚಾರಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಈ ಒಳಮಾತು ಎಲ್ಲಿಂದ ಬರುತ್ತದೆ? ರಷ್ಯದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ, 1934ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ಉತ್ತರ ಹುಡುಕಿದ. ಮಗು ಮೊದಲು ಹಿರಿಯರ ಮಾತು ಕೇಳುತ್ತದೆ. ಅನಂತರ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತದೆ. ಕೊನೆಗೆ ಆ ಮಾತು ಸದ್ದಡಗಿ ಒಳಗಿಳಿಯುತ್ತದೆ. ಅಂದಮೇಲೆ ನಮ್ಮ ಮನಸ್ಸಿನ ದನಿ ಬಹುಮಟ್ಟಿಗೆ ನಮ್ಮ ಅಡುಗೆಮನೆಯ ದನಿಯೇ ಸರಿ. ಜಮಖಂಡಿ, ಮುಧೋಳ, ಬೀಳಗಿಗಳ ಮನೆಗಳಲ್ಲಿ ಆ ದನಿ ಹೇಗಿರುತ್ತದೆ ಎಂಬುದು ನಮಗೆಲ್ಲ ಗೊತ್ತೇ ಇದೆ. “ಇನ್ನೊಂದು ರೊಟ್ಟಿ ಹಾಕ್ಕೋ ತಮ್ಮಾ.” “ತಾಟಿನ್ಯಾಗ ಬಿಡಬ್ಯಾಡ.” ನಾಲ್ಕು ತಿಂಗಳ ಮೇಲೆ ಊರಿಗೆ ಹೋದವನಿಗೆ ಮೊದಲ ಪ್ರಶ್ನೆ, “ಯಾಕೋ ಭಾಳ ಸೊರಗೀದಿ?” ಕ್ಷಾಮ ಕಂಡ ಸೀಮೆಯ ಅಕ್ಕರೆ ಇದು. ಮೈತುಂಬಿಕೊಂಡವನು ಉಳಿಯುತ್ತಾನೆ ಎಂಬ ಅನುಭವ ಅದರ ಹಿಂದಿದೆ. ನಾನಂತೂ ಅದನ್ನು ಹಳಿಯಲಾರೆ.

ಆದರೆ ದನಿ ಉಳಿಯಿತು, ದುಡಿಮೆ ಬದಲಾಯಿತು. ರಬಕವಿ-ಬನಹಟ್ಟಿಯ ನೇಕಾರ ಕಾಲಿನಿಂದ ತುಳಿದು, ಕೈಯಿಂದ ಲಾಳಿ ಎಸೆದು ಸೀರೆ ನೇಯುತ್ತಿದ್ದ. ಇಂದು ಹೆಚ್ಚಿನ ಕಡೆ ಆ ಕೆಲಸವನ್ನು ವಿದ್ಯುತ್ತು ಮಾಡುತ್ತದೆ, ಅವನು ನಿಂತು ಎಳೆ ಕಾಯುತ್ತಾನೆ. ಘಟಪ್ರಭೆ, ಕೃಷ್ಣೆಯರ ನೀರು ಹರಿದಲ್ಲಿ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು; ನೇಗಿಲ ಹಿಂದೆ ನಡೆಯುತ್ತಿದ್ದವನು ಟ್ರ್ಯಾಕ್ಟರಿನ ಮೇಲೆ ಕುಳಿತ. ಮಹಾಲಿಂಗಪುರದ ಬೆಲ್ಲದ ಪೇಟೆಯ ಆಸುಪಾಸಿನಲ್ಲಿದ್ದು ಚಹಕ್ಕೆ ಸಕ್ಕರೆ ಕಡಿಮೆ ಹಾಕಿ ಎಂದರೆ ಅತಿಥಿಯೇ ಅಪಹಾಸ್ಯಕ್ಕೆ ಗುರಿಯಾಗುತ್ತಾನೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಹೊಟ್ಟೆಯ ಸುತ್ತಿನ ಕೊಬ್ಬಿಗೂ ಈ ರೋಗಕ್ಕೂ ಇರುವ ನಂಟು ಹತ್ತಿರದ್ದು.

ಹೀಗಾಗಿ ಒಂದು ದಿನ ವೈದ್ಯರು ತೂಕ ಇಳಿಸಿ ಎನ್ನುತ್ತಾರೆ. ಆಗ ನಮ್ಮವರು ಹಿಡಿಯುವ ಆಯುಧ ಛಲ. ಛಲವೆಂದರೆ ಈ ನೆಲದಲ್ಲಿ ದೊಡ್ಡ ಮಾತು. 949ರಲ್ಲಿ ಮುಧೋಳದ ಬಳೆಗಾರ ಮನೆತನದಲ್ಲಿ ಹುಟ್ಟಿದ ರನ್ನ, ತನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನ ಛಲವನ್ನು ನಾವು ಮರುಗುವಂತೆ, ಮೆಚ್ಚುವಂತೆ ಚಿತ್ರಿಸಿದ್ದಾನೆ. ಆದರೆ ಕಥೆಯನ್ನು ಇನ್ನೊಂದು ಕಣ್ಣಿನಿಂದ ನೋಡಿ. ಭೀಷ್ಮರ ಬುದ್ಧಿಮಾತಿನಂತೆ ದುರ್ಯೋಧನ ವೈಶಂಪಾಯನ ಸರೋವರ ಹೊಕ್ಕಿದ್ದಾನೆ. ನೆರವು ಬಂದು ಸೇರುವವರೆಗೆ ಸುಮ್ಮನೆ ಕಾಯಬೇಕು, ಅಷ್ಟೇ. ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನೆ. ಆ ಮೂದಲಿಕೆಯನ್ನು ತಾಳಲಾರದೆ ಅವನು ಹೊರಬರುತ್ತಾನೆ. ಮುಂದಿನದು ಎಲ್ಲರೂ ಬಲ್ಲದ್ದು. ಛಲಕ್ಕೆ ಗೆಲುವು ಗೊತ್ತು, ಮುರಿಯುವುದು ಗೊತ್ತು, ಕಾಯುವುದು ಗೊತ್ತಿಲ್ಲ. ತೂಕ ಇಳಿಸುವುದೋ ತಿಂಗಳುಗಟ್ಟಲೆ ಕಾಯುವ ಕೆಲಸ.

ಈ ಮುರಿತವನ್ನು ಪ್ರಯೋಗಶಾಲೆಯೂ ಕಂಡಿದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಬಳಿಕ ಐಸ್‌ಕ್ರೀಮ್ ಇಟ್ಟು ಬೇಕಾದಷ್ಟು ತಿನ್ನಿರೆಂದರು. ಊಟದಲ್ಲಿ ಕಟ್ಟುಪಾಡು ಇಲ್ಲದವರು ಕುಡಿದುದರಿಂದ ಹೊಟ್ಟೆ ತುಂಬಿ ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿದ್ದವರು ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು! ಅವರ ಒಳಮಾತನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುವುದಾದರೆ, “ಹೆಂಗೂ ಕೆಟ್ಟೇತಿ, ಇನ್ನೇನು?” ಮದುವೆಮನೆಯಲ್ಲಿ ಒಂದು ಶೇಂಗಾ ಹೋಳಿಗೆ ತಿಂದವನು ನಾಲ್ಕನೆಯದಕ್ಕೆ ಕೈಹಾಕುವುದು ಹಸಿವಿನಿಂದಲ್ಲ, ವ್ರತ ಕೆಟ್ಟಿತೆಂಬ ತೀರ್ಮಾನದಿಂದ. ಮೊದಲ ಹೋಳಿಗೆಯಲ್ಲಿ ಅಂಥ ಅಪಾಯವಿರಲಿಲ್ಲ.

ವ್ಯಾಕರಣಕ್ಕೂ ಇಲ್ಲಿ ಪಾಲುಂಟು. 2012ರಲ್ಲಿ ಪ್ಯಾಟ್ರಿಕ್ ಮತ್ತು ಹಾಗ್ಟ್‌ವೆಟ್ ಎಂಬಿಬ್ಬರು, ‘ತಿನ್ನುವ ಹಾಗಿಲ್ಲ’ ಎಂದು ಹೇಳಿಕೊಂಡವರಿಗಿಂತ ‘ತಿನ್ನುವುದಿಲ್ಲ’ ಎಂದು ಹೇಳಿಕೊಂಡವರೇ ಸಿಹಿಯನ್ನು ಹೆಚ್ಚಾಗಿ ನಿರಾಕರಿಸಿದರೆಂದು ತೋರಿಸಿದರು. ಮೊದಲನೆಯದರಲ್ಲಿ ಬೇರೊಬ್ಬರ ಅಪ್ಪಣೆಯಿದೆ; ಎರಡನೆಯದರಲ್ಲಿ ಕರ್ತೃ ನಾನೇ. ಕನ್ನಡದ ‘ಬಾರದು’ ಎಂಬ ಪ್ರತ್ಯಯದಂಥ ಪದದಲ್ಲಿ ಎಷ್ಟು ಕಾಲದ ಗದರಿಕೆ ಅಡಗಿದೆಯೋ!

2011ರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಸೋಜಿಗದ್ದೆನಿಸಿದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಅಲಿಯಾ ಕ್ರಮ್ ಮತ್ತು ಸಂಗಡಿಗರು 46 ಜನಕ್ಕೆ 380 ಕ್ಯಾಲೊರಿಯ ಒಂದೇ ಪಾನೀಯವನ್ನು ಎರಡು ಬೇರೆ ದಿನ ಕೊಟ್ಟರು. ಒಮ್ಮೆ 620 ಕ್ಯಾಲೊರಿಯ ಭೋಗದ ಪಾನೀಯವೆಂಬ ಚೀಟಿ, ಇನ್ನೊಮ್ಮೆ 140 ಕ್ಯಾಲೊರಿಯ ಹಿತಮಿತದ್ದೆಂಬ ಚೀಟಿ. ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಭೋಗದ ಚೀಟಿಯ ದಿನ ಬಹಳ ಇಳಿಯಿತು. ಹಿತಮಿತದ ದಿನ ಹೆಚ್ಚೇನೂ ಅಲುಗಲಿಲ್ಲ. ಪ್ರಯೋಗ ಚಿಕ್ಕದು; ಅದರ ಮೇಲೆ ಅರಮನೆ ಕಟ್ಟಬೇಕಿಲ್ಲ. ಆದರೂ ಸಜ್ಜೆರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಮುಂದಿಟ್ಟುಕೊಂಡು ‘ನನ್ನ ಪಾಲಿಗೆ ಇಷ್ಟೇ’ ಎಂದು ಕೊರಗುವವನಿಗೂ ‘ಹಬ್ಬದಂಥ ಊಟ’ ಎಂದು ಉಣ್ಣುವವನಿಗೂ ಹೊಟ್ಟೆಯಲ್ಲಿಯೇ ವ್ಯತ್ಯಾಸವಾಗಬಹುದೆಂಬ ಸೂಚನೆ ಅದರಲ್ಲಿದೆ.

ನಮ್ಮ ದಾಸರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ‘ಮನವೇ’ ಎಂದು ಕರೆದು ಮಾತಾಡಿಸಿದವರು. 2014ರಲ್ಲಿ ಈಥನ್ ಕ್ರಾಸ್ ಮತ್ತು ಸಂಗಡಿಗರು ಕಂಡುಕೊಂಡದ್ದೂ ಇದಕ್ಕೆ ದೂರದ್ದಲ್ಲ: ಒತ್ತಡದ ಹೊತ್ತಿನಲ್ಲಿ ‘ನಾನು’ ಎನ್ನುವ ಬದಲು ತನ್ನನ್ನು ಹೆಸರಿನಿಂದಲೋ ‘ನೀನು’ ಎಂದೋ ಮಾತಾಡಿಸಿಕೊಂಡವರು ಹೆಚ್ಚು ಸಮಾಧಾನದಿಂದ ವರ್ತಿಸಿದರು. ಗೆಳೆಯನೊಬ್ಬ ಎಡವಿದರೆ ನಾವು ‘ಹೊಟ್ಟೆಬಾಕ’ ಎನ್ನುತ್ತೇವೆಯೆ? ತನ್ನನ್ನೇ ‘ನೀನು’ ಎಂದಾಗ ಆ ಸೌಜನ್ಯ ತಾನಾಗಿ ಬರುತ್ತದೆ. “ಹೋಳಿಗೆ ತಿಂದಿ, ಆತು. ರಾತ್ರಿ ಊಟ ಯಾವತ್ತಿನಂತೆ ಮಾಡು.” ಇಷ್ಟು ಸಾಕು.

ಇನ್ನು ಮನಸ್ಸೊಂದಿದ್ದರೆ ಎಲ್ಲವೂ ಆಗುತ್ತದೆ ಎನ್ನುವವರ ಮಾತು. ಅದನ್ನು ನಾನು ಒಪ್ಪಲಾರೆ. 2011ರಲ್ಲಿಯೇ ಆಸ್ಟ್ರೇಲಿಯದ ಸಂಶೋಧಕರು ಹತ್ತು ವಾರ ಕಡುಪಥ್ಯ ಮಾಡಿ ತೂಕ ಇಳಿಸಿದವರನ್ನು ಒಂದು ವರ್ಷದ ಮೇಲೆ ಪರೀಕ್ಷಿಸಿದಾಗ, ಹಸಿವಿನ ಹಾರ್ಮೋನುಗಳು ಇನ್ನೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹ ಹಟ ಹಿಡಿದು ಕುಳಿತಿರುತ್ತದೆ. ತೂಕ ಮತ್ತೆ ಏರಿದವನನ್ನು ಮನೋದುರ್ಬಲನೆಂದು ಕರೆಯುವುದು ಅಜ್ಞಾನ. ಥೈರಾಯ್ಡ್ ದೋಷವೋ ನುಂಗುತ್ತಿರುವ ಔಷಧವೋ ಕಾರಣವಾಗಿದ್ದರೆ ಅದನ್ನು ವೈದ್ಯರೇ ನೋಡಬೇಕು. ಮಧುಮೇಹಕ್ಕೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಅವರನ್ನು ಕೇಳದೆ ಊಟ ಕಡಿತಗೊಳಿಸುವುದು ಅಪಾಯ. ದಿನವೂ ತಕ್ಕಡಿ ಹತ್ತಿ ಅದರೊಡನೆ ಜಗಳವಾಡುವ ಬದಲು ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ನೋಡಿಕೊಳ್ಳಬಹುದು: ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಎಚ್ಚರಿಕೆಯ ಗೆರೆಯೆಂದು ವೈದ್ಯರು ಹಾಕಿಟ್ಟಿದ್ದಾರೆ.