ನೀರೊಳಗಿನ ಗಿಡಗಳ ನಡುವೆ ವಾಸಿಸುವ ಜೀವಿಗಳ ಆಹಾರ

ತುಂಗಭದ್ರೆಯ ದಡದಲ್ಲಿರುವ ನಮ್ಮ ಕುಮಾರಪಟ್ಟಣದ ಮಕ್ಕಳಿಗೆ ಹೊಳೆಯು ನಿತ್ಯದ ನೆರೆಯಾಗಿರುತ್ತದೆ. ನಮ್ಮ ಸೀಮೆಯ ಹೊಳೆ ಕೆರೆಗಳ ತಿಳಿನೀರಿನೊಳಗೆ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮೊದಲಾದ ಗಿಡಗಳು ಮುಳುಗಿಯೇ ಬೆಳೆಯುತ್ತವೆ. ಜನರು ಇವುಗಳನ್ನು ಬರಿಯ ಕಸವೆಂದು ಎಣಿಸುವರು. ಆದರೆ ಇವುಗಳ ನಡುವೆ ಬಸವನಹುಳುಗಳೂ ಸಣ್ಣ ಸೀಗಡಿಗಳೂ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಇತರ ಕೀಟಗಳ ಮರಿಗಳೂ ನೆಲೆಸಿರುತ್ತವೆ. ಬೆನ್ನೆಲುಬಿಲ್ಲದ ಈ ಜೀವಿಗಳು ಏನನ್ನು ತಿಂದು ಬದುಕುತ್ತವೆ?

ಗಿಡವನ್ನೇ ತಿನ್ನುತ್ತವೆಂದು ನಾವು ಸಹಜವಾಗಿ ಊಹಿಸುವೆವು. ಕೆಲವು ಪತಂಗಗಳ ಕಂಬಳಿಹುಳುಗಳು ನೀರಿನಲ್ಲಿದ್ದು ಹಸಿ ಎಲೆಯನ್ನು ತಿನ್ನುವುದೂ ಉಂಟು. ಆದರೂ ಹೆಚ್ಚಿನ ಜೀವಿಗಳಿಗೆ ಎಲೆಯು ಊಟವಲ್ಲ, ಊಟದ ತಟ್ಟೆ. ಹೈಡ್ರಿಲ್ಲಾದ ಒಂದು ಕಡ್ಡಿಯನ್ನು ಬಿಳಿಯ ಬಟ್ಟಲಿನ ನೀರಿನಲ್ಲಿ ಮೆಲ್ಲಗೆ ಉಜ್ಜಿದರೆ ನೀರು ಕದಡುವುದು. ಎಲೆಯ ಮೇಲಿದ್ದ ತೆಳುವಾದ ಲೋಳೆಯೇ ಇದಕ್ಕೆ ಕಾರಣವು. ಅದರಲ್ಲಿ ಸೂಕ್ಷ್ಮ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಇರುತ್ತವೆ. ಬಸವನಹುಳುವು ತನ್ನ ಅರದಂಥ ನಾಲಿಗೆಯಿಂದ ಇದನ್ನೇ ಕೆರೆದು ತಿನ್ನುವುದು. ಗಿಡವು ಸತ್ತು ಕೊಳೆಯುವಾಗ ಅದರ ಚೂರುಗಳಲ್ಲಿ ಶಿಲೀಂಧ್ರಗಳು ಬೆಳೆಯುವವು. ಆಗ ಅದು ಹುಳುಗಳಿಗೂ ಸೊಳ್ಳೆಯಂಥ ನೊಣಗಳ ಕೆಂಪು ಮರಿಗಳಿಗೂ ಆಹಾರವಾಗುವುದು. ಏರೋಪ್ಲೇನ್ ಚಿಟ್ಟೆಯ ಮರಿಯಾದರೋ ಸೊಳ್ಳೆಯ ಮರಿಗಳನ್ನೂ ಹಿಡಿದು ತಿನ್ನುವುದು.

ಇದನ್ನು ಶಾಸ್ತ್ರಜ್ಞರು ಅರಿತ ರೀತಿಯೂ ಸ್ವಾರಸ್ಯವಾದದ್ದು. ಇಂಗಾಲದಲ್ಲಿ 12 ಮತ್ತು 13ರ ತೂಕದ ಎರಡು ಸ್ಥಿರವಾದ ಬಗೆಗಳುಂಟು. ಪಾಚಿಯಲ್ಲಿಯೂ ಗಿಡದಲ್ಲಿಯೂ ಇವುಗಳ ಪ್ರಮಾಣವು ಬೇರೆಯಾಗಿದ್ದಲ್ಲಿ, ತಿಂದ ಜೀವಿಯ ಮೈಯಲ್ಲಿ ಆ ಗುರುತು ಉಳಿಯುವುದು. ಹೀಗೆ ಅಳೆದು ನೋಡಿದಾಗ ಅನೇಕ ಕಡೆಗಳಲ್ಲಿ ಪಾಚಿಯೇ ಮುಖ್ಯ ಆಹಾರವೆಂದು ಕಂಡುಬಂದಿದೆ.

ಉಣ್ಣುವವನಿಂದ ತಟ್ಟೆಗೂ ಲಾಭವುಂಟು. ಲೋಳೆಯು ದಪ್ಪವಾದರೆ ಎಲೆಗೆ ಬೆಳಕು ಸಾಲದು. ಬಸವನಹುಳುವು ಅದನ್ನು ಕೆರೆದು ಗಿಡವನ್ನು ಉಳಿಸುವುದು. ಆದರೆ ಚರಂಡಿಯ ನೀರೂ ಹೊಲದ ಗೊಬ್ಬರವೂ ಮಿತಿಮೀರಿ ಸೇರಿದರೆ ಪಾಚಿಯು ತಿನ್ನುವವರ ಶಕ್ತಿಯನ್ನು ಮೀರಿ ಬೆಳೆಯುವುದು. ವಿಷವು ಸೇರಿದರೆ ತಿನ್ನುವವರೇ ಸಾಯುವರು. ಎರಡರಲ್ಲಿಯೂ ಗಿಡಕ್ಕೆ ಕೇಡು, ಅಲ್ಲಿ ಮೇಯುವ ಮೀನಿಗೂ ಕೇಡು. 1980ರ ದಶಕದಲ್ಲಿ ಕಾರ್ಖಾನೆಯ ಹೊಲಸಿನಿಂದ ಹೊಳೆಯು ಕೆಡುವುದರ ವಿರುದ್ಧ ಈ ದಡದ ಗ್ರಾಮಸ್ಥರು ಹೋರಾಡಿದ್ದನ್ನು ಹಿರಿಯ ಪಾಲಕರು ಬಲ್ಲರು. ಮೀನು ಸತ್ತು ತೇಲಿದರೆ ಊರೆಲ್ಲ ನೋಡುವುದು. ಎಲೆಯ ಮೇಲಿನ ಊಟವು ಕೆಟ್ಟದ್ದನ್ನು ನೋಡುವವರು ಕಡಿಮೆ.

ಆದಕಾರಣ ಪಾಲಕರಲ್ಲಿಯೂ, ಈಗ ಮನೆವಾರ್ತೆಯನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಕೆರೆಯನ್ನು ಶುಚಿಮಾಡುವಾಗ ಗಿಡಗಳನ್ನೆಲ್ಲ ಒಮ್ಮೆಲೇ ಕೀಳಿಸದೆ ಅಂಚಿನಲ್ಲಿ ಒಂದು ಪಾಲನ್ನು ಉಳಿಸಿರಿ. ಔಷಧ ಹೊಡೆದ ಡಬ್ಬಿಗಳನ್ನು ಹೊಳೆಯಲ್ಲಿ ತೊಳೆಯದಿರಿ. ಮಕ್ಕಳಿಗೆ ಒಂದು ಎಲೆಯನ್ನು ಬಿಳಿಯ ಬಟ್ಟಲಿನಲ್ಲಿ ತೋರಿಸಿರಿ. ಸೃಷ್ಟಿಕರ್ತನು ಅಲ್ಪ ಜೀವಿಗಳಿಗೂ ಊಟವನ್ನು ಬಡಿಸಿಟ್ಟಿದ್ದಾನೆ. ಅದನ್ನು ಕೆಡಿಸದಿರುವುದು ನಮ್ಮ ಕೆಲಸ.