ಹೆಬ್ಬೆರಳ ನೋವು, ಮಗಳ ಮುಖ ಮತ್ತು ಒಂದು 4ಬಿ ಪೆನ್ಸಿಲ್

ಎಳೆ ಮಗುವಿನ ಮುಖ ಬಿಡಿಸೋದು ಸುಲಭ ಅಂದುಕೊಂಡವರೇ ಹೆಚ್ಚು. ಸುಕ್ಕಿಲ್ಲ, ಮೀಸೆಯಿಲ್ಲ, ಕನ್ನಡಕವಿಲ್ಲ. ಒಂದು ಗುಂಡು, ಎರಡು ಕಣ್ಣು, ಮುಗೀತು ಅಂತ. ಪೆನ್ಸಿಲ್ ಹಿಡಿದವರನ್ನು ಕೇಳಿ ನೋಡಿ. ಎಂಬತ್ತರ ತಾತನ ಮುಖದಲ್ಲಿ ಒಂದು ಗೆರೆ ಹೆಚ್ಚಾದರೆ ಅದು ಇನ್ನೊಂದು ಸುಕ್ಕಾಗಿ ಸುಮ್ಮನೆ ಸೇರಿಕೊಳ್ಳುತ್ತದೆ. ಆರು ತಿಂಗಳ ಕೂಸಿನ ಮೂಗಿನ ಪಕ್ಕ ಒಂದೇ ಒಂದು ಗೆರೆ ಗಟ್ಟಿಯಾದರೆ ಸಾಕು, ಪಾಪು ಎದ್ದುಹೋಗಿ ತಾಲ್ಲೂಕು ಆಫೀಸಿನ ಗುಮಾಸ್ತರು ಬಂದು ಕೂರುತ್ತಾರೆ.

ಮಗುವಿನ ಮುಖಕ್ಕೆ ಬೇಕಾಗಿರೋದು ಹಗುರವಾದ ಕೈ. ಕೈ ನೋವು ಶುರುವಾದರೆ ಮೊದಲು ಹೋಗೋದೂ ಅದೇ. ನೋಯುವ ಕೈ ಪೆನ್ಸಿಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಎಲ್ಲಿ ಜಾರಿಬಿಡುತ್ತೋ ಅಂತ. ಬಿಗಿ ಹಿಡಿದಷ್ಟೂ ಗೆರೆ ಗಟ್ಟಿಯಾಗುತ್ತದೆ, ನೋವು ಜಾಸ್ತಿಯಾಗುತ್ತದೆ. ಇದರಲ್ಲೊಂದು ವಿಪರ್ಯಾಸವೂ ಇದೆ. ಹೆಣ್ಣುಮಕ್ಕಳಿಗೆ ತಮ್ಮ ಮಗುವಿನ ಚಿತ್ರ ಬಿಡಿಸಬೇಕು ಅಂತ ಅತಿ ಹೆಚ್ಚು ಆಸೆಯಾಗುವ ತಿಂಗಳುಗಳಲ್ಲೇ ಈ ನೋವು ಬಂದು ಹಿಡಿದುಕೊಳ್ಳುವುದು.

ನನಗೆ ಬಂದಿದ್ದು ಮಳವಳ್ಳಿಯ ತವರಿನಲ್ಲಿ, ಬಾಣಂತನದ ಮೂರನೇ ತಿಂಗಳು. ಮಗಳು ಹುಟ್ಟಿದ ತಾರೀಖಿಗೆ ಸರಿಯಾಗಿ ಪ್ರತಿ ತಿಂಗಳೂ ಅವಳ ಒಂದು ಪೆನ್ಸಿಲ್ ಚಿತ್ರ, ಒಂದು ವರ್ಷಕ್ಕೆ ಹನ್ನೆರಡು. ಇದು ಬಸುರಿಯಾಗಿದ್ದಾಗಲೇ ಮಾಡಿಕೊಂಡಿದ್ದ ಲೆಕ್ಕ. ಮೂರನೇ ಚಿತ್ರದ ಹೊತ್ತಿಗೆ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚಳುಕು. ಬಾಟಲಿ ಮುಚ್ಚಳ ತಿರುಗಿಸಲಾಗದು, ಬಟ್ಟೆ ಹಿಂಡಲಾಗದು, ಮಗು ಎತ್ತುವಾಗ ಕಣ್ಣಲ್ಲಿ ನೀರು. ಅಮ್ಮ ಒಂದೇ ಮಾತಿಗೆ ತೀರ್ಮಾನ ಕೊಟ್ಟರು: "ಥಂಡಿ ಹಿಡಿದದೆ ಕಣವ್ವ, ತಣ್ಣೀರಲ್ಲಿ ಕೈ ಆಡುಸ್ಬ್ಯಾಡ." ತೋರಿಸಿಕೊಂಡ ಒಬ್ಬ ಡಾಕ್ಟರು "ರೆಸ್ಟ್ ಮಾಡಿ" ಅಂದರು. ಮೂರು ತಿಂಗಳ ಕೂಸಿನ ತಾಯಿಗೆ ರೆಸ್ಟ್! ಇನ್ನೊಬ್ಬರು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಹಿಡಿಯಲು ಹೇಳಿ, ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿದರು. ನಾನು ಕೂಗಿದ್ದು ಹೊರಗೆ ಕೂತವರಿಗೂ ಕೇಳಿಸಿರಬೇಕು.

ಇದಕ್ಕೆ ಡಿ ಕ್ವೆರ್ವೇನ್ ಅಂತ ಹೆಸರು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಸ್ ಡಿ ಕ್ವೆರ್ವೇನ್ ಅವರದೇ ಹೆಸರು. ಹೆಬ್ಬೆರಳನ್ನು ಹೊರಗೆ ಎಳೆಯುವ ಎರಡು ಸ್ನಾಯುರಜ್ಜುಗಳು, ಅಂದರೆ ಹಗ್ಗದಂಥ ನರಗಳು ಅಂತ ನಾವು ಆಡುಮಾತಲ್ಲಿ ಹೇಳೋದು, ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಕೊಳವೆಯೊಳಗೆ ಹಾದುಹೋಗುತ್ತವೆ. ಆ ಕೊಳವೆಯ ಗೋಡೆ ದಪ್ಪಗಾದರೆ ಒಳಗಿನ ಹಗ್ಗ ಉಜ್ಜಾಡುತ್ತದೆ. ಹೆಬ್ಬೆರಳನ್ನು ಅಗಲಿಸಿ, ಮಗುವಿನ ಕಂಕುಳಿಗೆ ಕೈ ಕೊಟ್ಟು ದಿನಕ್ಕೆ ಎಷ್ಟೋ ಸಲ ಎತ್ತುವವರಲ್ಲಿ ಇದು ಸಾಮಾನ್ಯ. ಜೊತೆಗೆ ಹಾಲು ಕುಡಿಸುವಾಗ ಇನ್ನೊಂದು ಕೈಯಲ್ಲಿ ಮೊಬೈಲ್, ಹೆಬ್ಬೆರಳಲ್ಲೇ ಸ್ಕ್ರೋಲು. ಚಿತ್ರಕ್ಕೆ ರೂಪದರ್ಶಿಯಾಗಬೇಕಾದವಳೇ ಕೈ ಕೆಡಿಸಿದವಳು ಅಂತ ಮನೆಯಲ್ಲಿ ತಮಾಷೆ ನಡೆಯಿತು.

ಕೈ ನೋವೆಲ್ಲ ಇದೇ ಅಲ್ಲ ಅನ್ನೋದೂ ಗೊತ್ತಿರಲಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ಇರಬಹುದು. ಬಸುರಿನಲ್ಲಿ, ಥೈರಾಯ್ಡ್ ಕಡಿಮೆಯಿದ್ದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಬೆಳಗ್ಗೆ ಎದ್ದಾಗ ಎರಡೂ ಕೈಯ ಗೆಣ್ಣುಗಳು ಊದಿಕೊಂಡು ಗಂಟೆಗಟ್ಟಲೆ ಮಡಚಲಾಗದೆ ಇದ್ದರೆ ಅದು ಸಂಧಿವಾತದ ದಾರಿ. ಆಗ ಮುಲಾಮು ಹಚ್ಚಿಕೊಂಡು ದಿನ ದೂಡಬಾರದು, ಬೇಗ ಔಷಧ ಶುರುವಾದಷ್ಟೂ ಕೀಲು ಉಳಿಯುತ್ತದೆ.

ನನ್ನದಕ್ಕೆ ಕೊಟ್ಟಿದ್ದು ಹೆಬ್ಬೆರಳನ್ನು ಅಲುಗಾಡದಂತೆ ಹಿಡಿಯುವ ಒಂದು ಪಟ್ಟಿ. ಮಗುವನ್ನು ಕಂಕುಳಲ್ಲಿ ಹಿಡಿದು ಎತ್ತುವ ಬದಲು ಎರಡೂ ಅಂಗೈ ಮೇಲೆ ಮಾಡಿ, ಮೊರದಲ್ಲಿ ತುಂಬಿಕೊಂಡ ಹಾಗೆ ಎತ್ತಲು ಹೇಳಿಕೊಟ್ಟರು. ಬಹಳ ಜನಕ್ಕೆ ಇಷ್ಟರಲ್ಲೇ ಕಡಿಮೆಯಾಗುತ್ತದಂತೆ. ಆಗದವರಿಗೆ ಆ ಕೊಳವೆಗೆ ಒಂದು ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಚಿಕ್ಕ ಆಪರೇಷನ್.

ಸರಿ, ಹೆಬ್ಬೆರಳು ಪಟ್ಟಿಯೊಳಗೆ. ಪೆನ್ಸಿಲ್ ಹಿಡಿಯೋದು ಹೇಗೆ?

ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಪೆನ್ಸಿಲ್ ತೂರಿಸಿ ಹಿಡಿಯೋದು ಒಂದು ದಾರಿ. ಬರೆಯುವಾಗ ಕೈ ನೋಯುವವರಿಗೆ ಥೆರಪಿಸ್ಟುಗಳು ಹೇಳಿಕೊಡುವ ಹಿಡಿತವಿದು. ಹೆಬ್ಬೆರಳಿಗೆ ಸುಮ್ಮನೆ ತಾಗಿಕೊಂಡಿರುವ ಕೆಲಸ, ಅಷ್ಟೇ. ಮೊದಲ ಎರಡು ದಿನ ಸಿಗರೇಟು ಹಿಡಿದ ಹಾಗೆ ಕಾಣುತ್ತದೆ, ಅತ್ತೆಯವರ ಮುಂದೆ ಸ್ವಲ್ಪ ಮುಜುಗರ. ಆದರೆ ಈ ಹಿಡಿತದಲ್ಲಿ ಗೆರೆಯನ್ನು ಗಟ್ಟಿಯಾಗಿ ಒತ್ತಲು ಆಗೋದೇ ಇಲ್ಲ. ಕೂಸಿನ ಕೆನ್ನೆಗೆ ಬೇಕಾದ ಮೋಡದಂಥ ಛಾಯೆ ತಾನಾಗಿ ಬೀಳುತ್ತದೆ. ಇನ್ನೊಂದು ದಾರಿ, ಪೆನ್ಸಿಲ್ಲನ್ನು ಅಂಗೈ ಕೆಳಗೆ ಮಲಗಿಸಿ ಹಿಡಿದು, ಬೆರಳು ಅಲ್ಲಾಡಿಸದೆ ಭುಜದಿಂದ ಗೆರೆ ಎಳೆಯೋದು. ಇದಕ್ಕೆ ಹಾಳೆ ಮೇಜಿನ ಮೇಲೆ ಮಲಗಿರಬಾರದು. ಪರೀಕ್ಷೆಯ ರಟ್ಟಿಗೆ ಹಾಳೆ ಸಿಕ್ಕಿಸಿ, ಹಿಂದೆ ಎರಡು ದಪ್ಪ ಪುಸ್ತಕ ಒರಗಿಸಿದರೆ ಇಳಿಜಾರು ಸಿದ್ಧ.

ಪೆನ್ಸಿಲ್ ಸಪೂರವಾದಷ್ಟೂ ಹಿಸುಕುವ ಬಲ ಹೆಚ್ಚು. ಬೆರಳತುದಿಯಲ್ಲಿ ಸ್ವಲ್ಪವೇ ಒತ್ತಿದರೂ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಅದು ಹಲವು ಪಟ್ಟಾಗಿ ಬೀಳುತ್ತದೆ. ಅದಕ್ಕೇ ಪೆನ್ಸಿಲ್ಲಿಗೆ ಸ್ಪಂಜೋ ಬಟ್ಟೆಯೋ ಸುತ್ತಿ ದಪ್ಪ ಮಾಡಿಕೊಳ್ಳಬೇಕು. ಹಳೇ ಸೈಕಲ್ ಟ್ಯೂಬಿನ ತುಂಡೂ ಆಗುತ್ತೆ. ಸೀಸದ ಆಯ್ಕೆಯೂ ಮುಖ್ಯ. ಹೆಚ್ ಸಂಖ್ಯೆಯ ಪೆನ್ಸಿಲ್‌ಗಳಲ್ಲಿ ಜೇಡಿ ಹೆಚ್ಚು, ಬಿ ಸಂಖ್ಯೆಯವುಗಳಲ್ಲಿ ಗ್ರಾಫೈಟ್ ಹೆಚ್ಚು. ಮಗುವಿನ ಮುಖ ತಿಳಿಯಾಗಿರಬೇಕು ಅಂತ 2ಹೆಚ್ ಹಿಡಿದು ತಿಕ್ಕುವವರಿದ್ದಾರೆ. ನೋಯುವ ಕೈಗೆ ಅದು ಬೇಡ. 4ಬಿ ಪೆನ್ಸಿಲ್ಲನ್ನು ಹಾಳೆಯ ಮೇಲೆ ಉಸಿರಾಡಿಸಿದರೂ ಗುರುತು ಬೀಳುತ್ತದೆ. ಇನ್ನೂ ನೋವಿದ್ದರೆ ಪೆನ್ಸಿಲ್ ಚೂಪು ಮಾಡುವಾಗ ಉದುರುವ ಕರಿಪುಡಿಯನ್ನು ಹತ್ತಿಯಲ್ಲಿ ಅದ್ದಿ ಕೆನ್ನೆಗೆ ಸವರಿ, ಬೆಳಕು ಬೇಕಾದಲ್ಲಿ ರಬ್ಬರಿನಿಂದ ಎತ್ತಿಬಿಡಿ.

ಇನ್ನು ಮುಖದ ಲೆಕ್ಕ. ದೊಡ್ಡವರ ತಲೆಯಲ್ಲಿ ಕಣ್ಣು ಸುಮಾರು ಅರ್ಧಕ್ಕೆ ಬರುತ್ತದೆ. ಕೂಸಿನಲ್ಲಿ ಅರ್ಧಕ್ಕಿಂತ ಕೆಳಗೆ, ಮೇಲೆಲ್ಲ ಹಣೆಯೇ. ಕಣ್ಣಿನ ಕಪ್ಪುಭಾಗ ಹುಟ್ಟುವಾಗಲೇ ಸುಮಾರು 10 ಮಿ.ಮೀ. ಇರುತ್ತದೆ, ದೊಡ್ಡವರಾದರೂ 12ರ ಹತ್ತಿರ ನಿಲ್ಲುತ್ತದೆ. ಅಷ್ಟು ಚಿಕ್ಕ ಮುಖದಲ್ಲಿ ಅಷ್ಟು ದೊಡ್ಡ ಕಪ್ಪು, ಮಕ್ಕಳ ಕಣ್ಣು ನಮ್ಮನ್ನು ಹಿಡಿದು ನಿಲ್ಲಿಸೋದು ಅದಕ್ಕೇ. ಹುಬ್ಬನ್ನು ಗೆರೆಯಾಗಿ ಎಳೆಯಬೇಡಿ, ಅದೊಂದು ನೆರಳು ಅಷ್ಟೇ. ಮೂಗಿಗೆ ಎರಡು ಹೊಳ್ಳೆಯ ಚುಕ್ಕಿ ಸಾಕು. ಫೋಟೊ ನೋಡಿ ಬಿಡಿಸುವವರು ಒಂದು ಎಚ್ಚರ ವಹಿಸಬೇಕು: ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಫೋಟೊದಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದಿರುತ್ತದೆ. ಸ್ವಲ್ಪ ದೂರ ನಿಂತು ಜೂಮ್ ಮಾಡಿ ತೆಗೆಸಿ. ಮತ್ತೆ ನಮ್ಮ ಕಡೆ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಇದೆಯಲ್ಲ, ಇಡೀ ಚಿತ್ರದಲ್ಲಿ ಧೈರ್ಯವಾಗಿ ಕಪ್ಪು ಒತ್ತಬಹುದಾದ ಜಾಗ ಕಣ್ಣು ಬಿಟ್ಟರೆ ಅದೊಂದೇ. ನಾನು ಅದನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ.

ರೀಲ್ಸ್‌ನಲ್ಲಿ ಬರುವ, ಚರ್ಮದ ರಂಧ್ರ ರಂಧ್ರವನ್ನೂ ತೋರಿಸುವ ಚಿತ್ರಗಳ ಮೇಲೆ ನನಗೆ ಅಂಥ ಮೋಹವಿಲ್ಲ. ನೋಯುವ ಕೈಗಂತೂ ಅದು ಆಗದ ದಾರಿ. ಮೈಸೂರಿನ ಆರ್.ಕೆ. ಲಕ್ಷ್ಮಣ್ ನೆನಪಾಗುತ್ತಾರೆ. 1986ರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಬರುವ ಅವರ ರೇಖಾಚಿತ್ರಗಳಲ್ಲಿ ಎಷ್ಟು ಕಡಿಮೆ ಗೆರೆ! 2003ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸೋತ ಮೇಲೂ ಅವರು ಬಿಡಿಸೋದನ್ನು ಬಿಡಲಿಲ್ಲ.

ಆದರೆ ಕೈನೋವು ಮತ್ತು ಮಕ್ಕಳ ಚಿತ್ರ ಎರಡೂ ಒಟ್ಟಿಗೆ ಸಿಗಬೇಕಾದರೆ ಫ್ರಾನ್ಸಿಗೇ ಹೋಗಬೇಕು. ಕಲಾವಿದ ರೆನ್ವಾರ್‌ಗೆ ಸುಮಾರು ಐವತ್ತನೇ ವಯಸ್ಸಿಗೆ ಸಂಧಿವಾತ ಶುರುವಾಯಿತು. ಕಿರಿಯ ಮಗ ಕ್ಲೋಡ್, ಮನೆಯಲ್ಲಿ 'ಕೋಕೊ', ಹುಟ್ಟಿದ್ದು 1901ರಲ್ಲಿ. ಅಷ್ಟರಲ್ಲಿ ಅಪ್ಪನ ಕೈಗೆ ಕಾಯಿಲೆ ಆಗಲೇ ಹತ್ತಿತ್ತು. ಆ ಮಗುವನ್ನೇ ಅವರು ಮತ್ತೆ ಮತ್ತೆ ಚಿತ್ರಿಸಿದ್ದು: ಆಟಿಕೆ ಜೊತೆ, ಓದುತ್ತ, ವಿದೂಷಕನ ವೇಷದಲ್ಲಿ. ಮುಂದೆ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡವು. ಕುಂಚವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದರು ಅಂತ ಕಥೆ ಹಬ್ಬಿದೆ. ಕೈಗೆ ಸುತ್ತಿದ್ದ ಬಟ್ಟೆ ಇದ್ದದ್ದು ಉಗುರು ಒತ್ತಿ ಅಂಗೈ ಹುಣ್ಣಾಗದಿರಲಿ ಅಂತ. ಕುಂಚವನ್ನು ಬೆರಳುಗಳ ನಡುವೆ ಬೇರೆಯವರು ಇಟ್ಟುಕೊಡುತ್ತಿದ್ದರು. 1915ರ ಒಂದು ಮೂಕಿ ಚಿತ್ರದ ತುಣುಕಿನಲ್ಲಿ ಹಾಗೆ ನೆರವಾಗುವ ಹುಡುಗ ಅದೇ ಕೋಕೊ, ಆಗ ಹದಿನಾಲ್ಕರ ಆಸುಪಾಸು. 1919ರಲ್ಲಿ ತೀರಿಕೊಳ್ಳುವವರೆಗೂ ರೆನ್ವಾರ್ ಚಿತ್ರ ಬಿಡಿಸುತ್ತಲೇ ಇದ್ದರು. ಅವರ ಮನೆಯಲ್ಲಿ ಆಳುಕಾಳು, ಸಹಾಯಕರು ಇದ್ದರು ಅನ್ನೋದನ್ನೂ ಮರೆಯಬಾರದು.

ಯಾಕೆಂದರೆ ನಮ್ಮ ಕಡೆ ಹೆಂಗಸರ ಕೈನೋವಿಗೆ ಅಂಥ ಸೌಕರ್ಯವಿಲ್ಲ. ಮದ್ದೂರಿನ ಅತ್ತೆಮನೆಗೆ ಬಂದ ಮೇಲೆ ಗಮನಿಸಿದ್ದು: ಅತ್ತೆ ಮುದ್ದೆ ತಿರುವುವಾಗ ಕೋಲನ್ನು ಬಲಗೈಯಿಂದ ಎಡಗೈಗೆ ಬದಲಿಸುತ್ತಾರೆ, ಮತ್ತೆ ಬಲಕ್ಕೆ. 2006ರಲ್ಲಿ ರಾಜ್ಯದ ತುಂಬ ಚಿಕೂನ್‌ಗುನ್ಯಾ ಹರಡಿತ್ತಲ್ಲ, ಆಗ ಬಂದ ಗೆಣ್ಣುನೋವು ಅವರಿಗೆ ಪೂರ್ತಿ ಹೋಗಲೇ ಇಲ್ಲವಂತೆ. ಕಬ್ಬಿನ ಗದ್ದೆಯಲ್ಲಿ ಕತ್ತಿ ಹಿಡಿಯುವವರ ಕೈಯನ್ನಂತೂ ಕೇಳುವವರೇ ಇಲ್ಲ. ನನ್ನ ಪಟ್ಟಿ ನೋಡಿ ಅತ್ತೆ, "ಚಿತ್ರ ಬರಿಯೋಕೆ ಇಷ್ಟೆಲ್ಲ ಬೇಕೇನವ್ವ?" ಅಂದಿದ್ದರು. ಒಂದು ವಾರದ ಮೇಲೆ, "ಅದು ಎಲ್ಲಿ ಸಿಕ್ತದೆ?" ಅಂದರು. ಇಬ್ಬರೂ ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆವು.

ಈಗ ನಾನು ಮತ್ತೆ ಮಂಡ್ಯದಲ್ಲಿ ಕೆಲಸಕ್ಕೆ ಹೋಗುತ್ತೇನೆ. ದಿನವಿಡೀ ಕೀಬೋರ್ಡು ಕುಟ್ಟಿದ ಕೈಗೆ ಸಂಜೆ ಪೆನ್ಸಿಲ್ ಕೊಡೋದಿಲ್ಲ. ಚಿತ್ರವೇನಿದ್ದರೂ ಭಾನುವಾರ ಬೆಳಗ್ಗೆ, ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟುಕೊಂಡು. ಆಫೀಸಿನವರು "ನಮ್ಮ ಪಾಪುದೂ ಒಂದು ಬಿಡಿಸ್ಕೊಡಿ, ಬರ್ತ್‌ಡೇ ಶುಕ್ರವಾರ" ಅಂದರೆ "ಯಾವ ತಿಂಗಳ ಶುಕ್ರವಾರ?" ಅಂತ ಕೇಳಿಬಿಡುತ್ತೇನೆ. ಒಂದು ಚಿತ್ರಕ್ಕೆ ನಾಲ್ಕೈದು ಭಾನುವಾರ ಬೇಕು. ಅಷ್ಟರಲ್ಲಿ ಮಗುವಿಗೆ ಎರಡು ಹಲ್ಲು ಬಂದಿರುತ್ತೆ ಅಂತ ಮೊದಲೇ ಹೇಳಿರುತ್ತೇನೆ.

ಮಗಳ ಹನ್ನೆರಡು ಹಾಳೆಗಳಲ್ಲಿ ಹನ್ನೊಂದು ಪೂರ್ತಿಯಾಗಿವೆ. ನೋವು ಜೋರಾಗಿದ್ದ ಐದನೇ ತಿಂಗಳಿನದರಲ್ಲಿ ಒಂದು ಕಿವಿ, ಒಂದು ಕಣ್ಣು, ದೃಷ್ಟಿಬೊಟ್ಟು, ಇಷ್ಟೇ. ಅತ್ತೆ ಅದಕ್ಕೇ ಫ್ರೇಮ್ ಹಾಕಿಸು ಅಂತಿದ್ದಾರೆ.