ಬಸ್ಸು ನಿಲ್ಲಿಸಿದ ನಾಯಿ, ಅಂಗಡಿ ಮುಚ್ಚಿಸಿದ ನಾಯಿ

ಚಿತ್ರದುರ್ಗ: ಹಿರಿಯೂರಿನಿಂದ ದುರ್ಗಕ್ಕೆ ಬರುವ ಬೆಳಗಿನ ಬಸ್ಸೆಂದರೆ ಕಾಲಿಡಲು ಜಾಗವಿಲ್ಲದ ಬಸ್ಸು. ಕೋರ್ಟಿಗೆ ಹೊರಟವರು, ಕಾಲೇಜು ಹುಡುಗರು, ಆಸ್ಪತ್ರೆಗೆ ಹೋಗುವವರು, ಮಾಲು ತರಲು ಹೊರಟ ಅಂಗಡಿಯವರು, ಎಲ್ಲರಿಗೂ ಅವಸರ. ಅಂಥ ಬಸ್ಸು ಮೊನ್ನೆ ಐಮಂಗಲದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಗಕ್ಕನೆ ನಿಂತಿತು. ಮುಂದೆ ಕುರಿಮಂದೆ. ಮುನ್ನೂರಕ್ಕೆ ಕಡಿಮೆಯಿಲ್ಲ. ಚಾಲಕ ಹಾರನ್ ಒತ್ತಿದ್ದೇ ಒತ್ತಿದ್ದು. ಕುರಿಗಳೇನೋ ಸರಿದವು. ಆದರೆ ಒಂದು ಕರಿ ನಾಯಿ ಮಾತ್ರ ಬಸ್ಸಿನ ಮೂತಿಗೆ ಅಡ್ಡಲಾಗಿ ನಿಂತದ್ದು ಅಲ್ಲಾಡಲಿಲ್ಲ.

ಕಂಡಕ್ಟರು ಇಳಿದು ಕೂಗಿದರು: "ಏನಜ್ಜಾ, ನಿನ್ ನಾಯಿ ಕರೀ ಅತ್ಲಾಗೆ. ಟೈಮಾಗ್ತೈತೆ!"

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಅಜ್ಜ ಸಾವಕಾಶವಾಗಿ ಉತ್ತರ ಕೊಟ್ಟ: "ನಾನ್ ಕರದ್ರೆ ಬರಾಕಿಲ್ಲ ಕಣಪ್ಪಾ. ಕುರಿ ಬಂದ್ರೆ ಬರ್ತೈತೆ."

ಹಿಂದೆ ನೋಡಿದರೆ ನಿಜ. ಈಗಷ್ಟೇ ಹುಟ್ಟಿದಂತಿದ್ದ ಒಂದು ಮರಿ, ಅದರ ಕುಂಟು ತಾಯಿ, ಎರಡೂ ರಸ್ತೆಯ ಆ ಬದಿಯಲ್ಲೇ ಉಳಿದಿದ್ದವು. ಅವೆರಡು ದಾಟಿದ ಮೇಲೆ ನಾಯಿ ಬಸ್ಸಿನ ಕಡೆ ಒಮ್ಮೆ ನೋಡಿ, ಬಾಲ ಕೂಡ ಅಲ್ಲಾಡಿಸದೆ ಮಂದೆಯ ಹಿಂದೆ ನಡೆಯಿತು. ಬಸ್ಸಿನಲ್ಲಿ ಅದುವರೆಗೆ ಗೊಣಗುತ್ತಿದ್ದವರೂ ನಕ್ಕರು. "ಟ್ರಾಫಿಕ್ ಪೊಲೀಸಿಗಿಂತ ವಾಸಿ" ಎಂದರು ಒಬ್ಬರು.

ಇದು ಬಸ್ಸು ನಿಲ್ಲಿಸಿದ ನಾಯಿಯ ಕಥೆ. ಅದೇ ವಾರ ನಮ್ಮ ಪೇಟೆಯಲ್ಲಿ ಇನ್ನೊಂದು ನಾಯಿ ಅಂಗಡಿ ಮುಚ್ಚಿಸಿತು. ಎರಡಕ್ಕೂ ಸಂಬಂಧವಿದೆ.

ಸೀರೆ ಅಂಗಡಿಯಲ್ಲಿ ಕುರಿದೊಡ್ಡಿ

ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಮಗನ ಹಟಕ್ಕೆ ಬೆಂಗಳೂರಿನಿಂದ ಒಂದು ಮರಿ ತಂದರು. ಕಪ್ಪು ಬಿಳುಪು ಮೈ, ಉದ್ದ ಕೂದಲು, ಮನುಷ್ಯರಂತೆ ನೋಡುವ ಕಣ್ಣು. ಜಾತಿ ಬಾರ್ಡರ್ ಕೋಲಿ. ಮೂರು ತಿಂಗಳು ಮನೆಮಂದಿಗೆಲ್ಲ ಮುದ್ದು. ಆರನೇ ತಿಂಗಳಿಗೆ ಅದು ಚಿಲಕ ತೆಗೆಯುವುದು ಕಲಿತಿತು. ಎಂಟನೇ ತಿಂಗಳಿಗೆ ಬೀದಿಯಲ್ಲಿ ಹೋಗುವ ಸ್ಕೂಟರುಗಳನ್ನೆಲ್ಲ ಅಟ್ಟಿಕೊಂಡು ಹೋಗಿ 'ಗುಂಪಿಗೆ ಸೇರಿಸುವ' ಪ್ರಯತ್ನ ನಡೆಸಿತು. ಮನೆಯಲ್ಲಿ ನಾಲ್ಕು ಜನ ನಾಲ್ಕು ಕೋಣೆಯಲ್ಲಿ ಕೂತರೆ ಅದಕ್ಕೆ ಸಮಾಧಾನವಿಲ್ಲ. ಒಬ್ಬೊಬ್ಬರನ್ನೇ ಮೂತಿಯಲ್ಲಿ ನೂಕಿ ನಡುಮನೆಗೆ ತಂದು ಕೂರಿಸಿದ ಮೇಲೆಯೇ ತಾನು ಮಲಗುವುದು.

ಮನೆಯಲ್ಲಿ ಕಾಟ ತಡೆಯಲಾರದೆ ವ್ಯಾಪಾರಿ ಅದನ್ನು ಅಂಗಡಿಗೆ ತಂದರು. ಮದುವೆ ಸೀಸನ್ನು. ಸೀರೆ ನೋಡಲು ಬಂದ ಹೆಂಗಸರ ಐದು ಮಕ್ಕಳು ಅಂಗಡಿ ತುಂಬ ಓಡಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಐದೂ ಮಕ್ಕಳು ಬಟ್ಟೆ ಗಂಟುಗಳ ಮೂಲೆಯಲ್ಲಿ ಒತ್ತಾಗಿ ನಿಂತಿದ್ದವು. ಎದುರಿಗೆ ನಾಯಿ ನೆಲಕ್ಕೆ ಹೊಟ್ಟೆ ಹಚ್ಚಿ, ಕಣ್ಣು ಮಿಟುಕಿಸದೆ ನೋಡುತ್ತಾ ಕಾವಲು. ಕಚ್ಚಲಿಲ್ಲ, ಬೊಗಳಲಿಲ್ಲ. ಆದರೆ ಮೂಲೆ ಬಿಟ್ಟು ಒಂದು ಕಾಲು ಮುಂದಿಟ್ಟ ಮಗುವಿನ ಎದುರಿಗೆ ಅದೂ ಒಂದು ಹೆಜ್ಜೆ ಸರಿಯುತ್ತಿತ್ತು. ತಾಯಂದಿರ ಕಿರುಚಾಟಕ್ಕೆ ಬೀದಿಯೇ ಸೇರಿತು. ಅರ್ಧ ಗಂಟೆ ಷಟರ್ ಎಳೆಯಬೇಕಾಯಿತು. ಸಂಜೆ ಕೆಲಸದ ಹುಡುಗನ ಹಿಮ್ಮಡಿಗೆ ಹಲ್ಲು ತಾಗಿತು. "ಇದನ್ನ ಎಲ್ಲಾದರೂ ಬಿಟ್ಟು ಬರೋಣ" ಎಂಬ ಮಾತು ಅಂದೇ ರಾತ್ರಿ ಊಟದ ಹೊತ್ತಿಗೆ ಬಂತು.

ತಪ್ಪು ನಾಯಿಯದೇ?

ಸ್ವಲ್ಪ ಹಿಂದಕ್ಕೆ ಹೋದರೆ ಈ ಚೇಷ್ಟೆಯ ಬೇರು ಸಿಗುತ್ತದೆ. ಬಾರ್ಡರ್ ಎಂದರೆ ಗಡಿ. ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ನಡುವಣ ಗುಡ್ಡಗಾಡಿನ ಗಡಿ. ಅಲ್ಲಿ ಕುರಿಗಳನ್ನು ಬೆಟ್ಟಕ್ಕೆ ಬಿಡುತ್ತಾರೆ. ಮೈಲುಗಟ್ಟಲೆ ಚದುರಿದ ಕುರಿಗಳನ್ನು ಸುತ್ತು ಹಾಕಿ ಒಟ್ಟುಮಾಡಿ ಕುರುಬನ ಕಾಲ ಬುಡಕ್ಕೆ ತರುವುದು ಈ ನಾಯಿಯ ಕೆಲಸ. ಬೊಗಳುವಂತಿಲ್ಲ, ಕಚ್ಚುವಂತಿಲ್ಲ, ಕಣ್ಣಲ್ಲೇ ಕುರಿಯನ್ನು ನಿಲ್ಲಿಸಬೇಕು. 1873ರಲ್ಲೇ ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ ಇಂಥ ನಾಯಿಗಳ ಪಂದ್ಯ ನಡೆದಿತ್ತು. 1893ರಲ್ಲಿ ಹುಟ್ಟಿದ 'ಓಲ್ಡ್ ಹೆಂಪ್' ಎಂಬ ಗಂಡು ನಾಯಿಯನ್ನು ಈ ತಳಿಯ ಮೂಲಪುರುಷ ಎನ್ನುತ್ತಾರೆ. ಅಮೆರಿಕದ ಚೇಸರ್ ಎಂಬ ಹೆಣ್ಣು ನಾಯಿ 1022 ಆಟಿಕೆಗಳ ಹೆಸರು ಕಲಿತಿದ್ದು 2011ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಲಿಸಿದವರು ನಿವೃತ್ತ ಪ್ರಾಧ್ಯಾಪಕರು, ದಿನವೂ ಗಂಟೆಗಟ್ಟಲೆ ಕೂತು.

ತೋಳ ಬೇಟೆಯಾಡುವ ಕ್ರಮವೇ ಈ ನಾಯಿಯಲ್ಲೂ ಇದೆ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು. ಕೊನೆಯ ಕೊಲ್ಲುವ ಮೆಟ್ಟಿಲೊಂದನ್ನು ಮಾತ್ರ ಮನುಷ್ಯ ತಲೆಮಾರುಗಳ ಆಯ್ಕೆಯಿಂದ ಕುಗ್ಗಿಸಿದ್ದಾನೆ. ಇಂಥ ಪ್ರಾಣಿಗೆ ಕುರಿ ಸಿಗದಿದ್ದರೆ ಏನು ಮಾಡೀತು? ಸಿಕ್ಕಿದ್ದನ್ನೇ ಕುರಿ ಮಾಡಿಕೊಳ್ಳುತ್ತದೆ. ಮಕ್ಕಳು, ಕೋಳಿ, ಸ್ಕೂಟರ್, ಗಿರಾಕಿ.

ನಮ್ಮ ಊರಿಗೆ ಹಳೆಯ ಪರಿಚಯವಾದ ಅಲ್ಸೇಶಿಯನ್ ಕೂಡ ಇದೇ ಕಸುಬಿನದು. ಅದರ ನಿಜ ಹೆಸರು ಜರ್ಮನ್ ಶೆಫರ್ಡ್, ಅಂದರೆ ಜರ್ಮನಿಯ ಕುರಿನಾಯಿ. 1899ರಲ್ಲಿ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ ಕುರುಬರ ನಾಯಿಗಳಿಂದಲೇ ಈ ತಳಿಯನ್ನು ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಮೇಲಿನ ಸಿಟ್ಟಿಗೆ ಇಂಗ್ಲಿಷರು ಹೆಸರು ಬದಲಿಸಿ ಅಲ್ಸೇಶಿಯನ್ ಎಂದರು. ಬೇಲಿಯಿಲ್ಲದ ಬಯಲಿನಲ್ಲಿ ಕುರಿ ಮೇಯುವ ಜಾಗಕ್ಕೂ ಬೆಳೆಗೂ ನಡುವೆ ಓಡಾಡಿ, ತಾನೇ ಬೇಲಿಯಾಗುವುದು ಅದರ ಕೆಲಸ. ಕಾಂಪೌಂಡಿನ ಗೋಡೆಗುಂಟ ನಿಮ್ಮ ಅಲ್ಸೇಶಿಯನ್ ನಡೆದೂ ನಡೆದೂ ಕಾಲುದಾರಿ ಮಾಡಿದೆಯೇ? ಅದು ಹುಚ್ಚಲ್ಲ. ಬೆಳೆಯಿಲ್ಲದ ಕಡೆ ಬೆಳೆ ಕಾಯುತ್ತಿದೆ.

ಅಂಥದ್ದನ್ನು ಬೆಳಗಿನಿಂದ ರಾತ್ರಿವರೆಗೆ ಸರಪಳಿಯಲ್ಲಿ ಕಟ್ಟಿಹಾಕಿ, "ಬರೀ ಬೊಗಳುತ್ತೆ ಸಾರ್" ಎಂದು ದೂರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದರ ಮೇಲೆ ದುರ್ಗದ ಬಿಸಿಲು. ಚಳಿ ದೇಶಕ್ಕೆಂದು ಬಂದ ಎರಡು ಪದರದ ಕೂದಲು ಹೊತ್ತು ಏಪ್ರಿಲ್ ಮಧ್ಯಾಹ್ನ ತಾರಸಿಯ ಮೇಲೆ ನಿಲ್ಲುವ ನಾಯಿಯ ಪಾಡು ದೇವರಿಗೇ ಪ್ರೀತಿ.

"ನಮ್ದು ಕಾಯಾ ನಾಯಿ, ನಿಮ್ದು ಅಟ್ಟಾ ನಾಯಿ"

ವ್ಯಾಪಾರಿಗೆ ಯಾರೋ ಬುದ್ಧಿ ಹೇಳಿದರು: "ಕುರಿನಾಯಿ ತಾನೇ? ಕುರಿಯೋರಿಗೇ ಕೊಟ್ಬಿಡಿ." ಮಾತು ಸರಿಯೆನಿಸಿತು. ಭಾನುವಾರ ಕಾರಿನಲ್ಲಿ ನಾಯಿ ಹಾಕಿಕೊಂಡು ಐಮಂಗಲದ ಕಡೆ ಹೊರಟರು. ರೈತರೊಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಅದೇ ಅಜ್ಜ, ಅದೇ ಕರಿ ನಾಯಿ.

ಕಾರಿನ ಬಾಗಿಲು ತೆಗೆದದ್ದೇ ತಡ, ಪೇಟೆಯ ನಾಯಿ ಹುಟ್ಟಿದ ಮೇಲೆ ಮೊದಲ ಸಲ ಕುರಿ ನೋಡಿತು. ಕ್ಷಣಕಾಲ ಕಲ್ಲಾಯಿತು. ಆಮೇಲೆ ತಲೆ ತಗ್ಗಿಸಿ, ಅರ್ಧಚಂದ್ರಾಕಾರದಲ್ಲಿ ಬೀಸುಗಾಲು ಹಾಕಿತು. ಯಾರೂ ಕಲಿಸಿರಲಿಲ್ಲ. ನಮ್ಮ ಕುರಿಗಳಿಗೆ ಈ ಆಟ ಗೊತ್ತಿಲ್ಲ. ಬೆದರಿ ಒಂದರ ಮೇಲೊಂದು ಬಿದ್ದವು. ಕರಿ ನಾಯಿ ಎದೆ ಕೊಟ್ಟು ಅಡ್ಡ ಬಂದು ಹಲ್ಲು ಬಿಟ್ಟಿತು. ಪೇಟೆಯದು ಬಾಲ ಮಡಚಿ ಕಾರಿನಡಿ ಸೇರಿತು.

"ಅಜ್ಜಾ, ಜಾತಿ ನಾಯಿ. ದುಡ್ಡು ಬೇಡ. ನೀನೇ ಇಟ್ಕೋ" ಎಂದರು ವ್ಯಾಪಾರಿ.

"ಬ್ಯಾಡ ಸಾವ್ಕಾರ್ರೆ. ನಮ್ದು ಕಾಯಾ ನಾಯಿ, ನಿಮ್ದು ಅಟ್ಟಾ ನಾಯಿ. ಗಬ್ಬದ ಕುರಿ ಹಿಂಗೆ ಓಡಿದ್ರೆ ಮರಿ ಕಂದು ಹಾಕ್ತಾವೆ. ನಿಮ್ ನಾಯಿ ಕೆಟ್ಟದಲ್ಲ. ಇಲ್ಲಿ ಅದ್ರ ಕೆಲ್ಸ ಇಲ್ಲ ಅಷ್ಟೆ."

ಅಜ್ಜನ ಮಾತಿನಲ್ಲಿ ಒಂದು ಶಾಸ್ತ್ರವೇ ಇದೆ. ನಮ್ಮ ಬಯಲುಸೀಮೆಯ ಕುರಿಗಾಹಿಗಳು ಮಂದೆಯನ್ನು ನಡೆಸುವುದು ಬಾಯಿಂದ, ಕೋಲಿನಿಂದ, ಮುಂದೆ ನಡೆಯುವ ಮೇಕೆಯಿಂದ. ನಾಯಿ ಇರುವುದು ತೋಳ, ಚಿರತೆ, ಕಳ್ಳರಿಗಾಗಿ. ಅದಕ್ಕೆ ತಳಿಯ ಹೆಸರಿಲ್ಲ, ಸರ್ಟಿಫಿಕೇಟಿಲ್ಲ. ಮರಿಯಿದ್ದಾಗಿನಿಂದ ಕುರಿಮರಿಗಳ ಜೊತೆ ಮಲಗಿ, ಮುದ್ದೆ ತುಣುಕು ತಿಂದು ಬೆಳೆಯುತ್ತದೆ. ಮಂದೆಯೇ ತನ್ನ ಮನೆತನ ಎಂದುಕೊಳ್ಳುತ್ತದೆ.

ಗುಣ ಮಾತ್ರ ಒಂದೊಂದರದು ಒಂದೊಂದು. ಅಜ್ಜನ ಬಳಿ ಮೂರು ನಾಯಿ. ಕರಿಯ ಗಂಭೀರ, ಯಾರನ್ನೂ ಮೂಸುವುದಿಲ್ಲ. ಬಿಳಿಯ ಹಗಲೆಲ್ಲ ಕತ್ತೆಯ ನೆರಳಿನಲ್ಲಿ ನಿದ್ದೆ. ಕತ್ತೆ ಸರಿದರೆ ತಾನೂ ಸರಿದು ಮಲಗುತ್ತದೆ. ಸೋಮಾರಿ ಎಂದು ಬೈದವರು ರಾತ್ರಿ ಹನ್ನೆರಡಕ್ಕೆ ಬಂದು ನೋಡಬೇಕು, ರೊಪ್ಪದ ಸುತ್ತ ಅದರದೇ ಗಸ್ತು. ಮೂರನೆಯದು ಎಳೆ ಪ್ರಾಯದ ಮೋತಿ. ಅದಕ್ಕೆ ತಾನು ನಾಯಿಯೆಂಬುದು ಇನ್ನೂ ಖಾತರಿಯಿಲ್ಲ. ಕುರಿಮರಿಗಳ ಜೊತೆ ಚಿಮ್ಮುತ್ತದೆ. ಮಳೆ ಬಂದರೆ ಅವುಗಳ ನಡುವೆಯೇ ತಲೆ ತೂರಿಸುತ್ತದೆ.

ಮೈಲಾರಲಿಂಗನ ಗೊರವರು ಕರಿ ಕಂಬಳಿ ತೊಟ್ಟು, ದೇವರ ನಾಯಿಗಳಂತೆ ಬೊಗಳುತ್ತಾ ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣು ಸವಿಯುವುದನ್ನು ಜಾತ್ರೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಕುರಿ ಕಾಯುವ ಜನಕ್ಕೆ ನಾಯಿ ಎಂಥದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತೋಳಕ್ಕಿಂತ ಟೈರು ಕೆಟ್ಟದ್ದು

ಈಗ ಈ ನಾಯಿಗಳಿಗೆ ಬಂದಿರುವ ಕುತ್ತು ಕಾಡಿನದಲ್ಲ, ರಸ್ತೆಯದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 11 ಲಕ್ಷ ಕುರಿಗಳಿವೆ. ಮೇಯುವ ಜಾಗ ಮಾತ್ರ ವರ್ಷ ವರ್ಷ ಕಿರಿದಾಗುತ್ತಿದೆ. ಚಳ್ಳಕೆರೆ ಸೀಮೆಯಲ್ಲಿ ಉಳ್ಳಾರ್ತಿ, ಖುದಾಪುರದ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕಾವಲಿಗೆ ಗೋಡೆ ಬಂದ ಮೇಲೆ ಮಂದೆಗೆ ದಾರಿಯೆಲ್ಲಿ? ಹೆದ್ದಾರಿಯ ಅಂಚೇ ಗತಿ. ಹಿಂದೆ 4 ಎನ್ನುತ್ತಿದ್ದ, ಈಗಿನ 48ನೇ ಹೆದ್ದಾರಿಯಲ್ಲಿ ಗಾಡಿಗಳ ಓಟ ಎಂಥದ್ದೆಂದು ಬಸ್ಸಿನವರಿಗೆ ಹೇಳಬೇಕಾಗಿಲ್ಲ.

"ತೋಳ ಬಂದ್ರೆ ನಾಯಿಗೆ ಗೊತ್ತಾಗ್ತೈತೆ. ಲಾರಿ ಬಂದ್ರೂ ನಿಂತ್ಕಂತೈತೆ, ಅದೂ ತೋಳ ಅಂತ" ಎಂಬುದು ಅಜ್ಜನ ಅಂಬೋಣ. ಕರಿಯನ ತಾಯಿ ಹಾಗೆಯೇ ಹೋಯಿತಂತೆ, ಲಾರಿಯ ಮುಂದೆ ನಿಂತು. ಅದು ಹೋದ ಹದಿನೈದು ದಿನಕ್ಕೆ ರಾತ್ರೋರಾತ್ರಿ ನಾಲ್ಕು ಟಗರು ಕಳುವಾದವು. ನಾಯಿ ಸತ್ತರೆ ಕುರಿಯವನಿಗೆ ಪರಿಹಾರವಿಲ್ಲ. ಹೊಸ ಮರಿ ತಯಾರಾಗಲು ಎರಡು ವರ್ಷ ಬೇಕು.

ಗಮನದಲ್ಲಿರಬೇಕಾದ್ದು

ನಾಯಿಗೆ ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷ ತಪ್ಪಬಾರದು. ಹಲ್ಲು ತಾಗಿದರೆ, ಸಾಕಿದ ನಾಯಿಯದಾದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಮೆತ್ತಿ ಕೂರುವುದಲ್ಲ. ರೋಗಲಕ್ಷಣ ಕಾಣಿಸಿದ ಮೇಲೆ ಮದ್ದಿಲ್ಲ.

ಕುರಿಯವರಿಗೂ ಮಾಂಸದಂಗಡಿಯವರಿಗೂ ಇನ್ನೊಂದು ಮಾತು. ಸತ್ತ ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಹಾಕಬಾರದು. ಕುರಿಯ ಮಿದುಳಿನಲ್ಲಿರುವ ನೀರುಗುಳ್ಳೆಯಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದ ಮೂಲಕ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ಕುರಿ ಒಂದೇ ಕಡೆ ಗಿರಗಿರ ಸುತ್ತಿ ಬೀಳುವ ರೋಗದ ಗುಟ್ಟು ಇದೇ. ನಾಯಿಗೆ ಜಂತುಹುಳದ ಮಾತ್ರೆ ಹಾಕಿಸಿದರೆ ಮಂದೆ ಉಳಿಯುತ್ತದೆ.

ಇನ್ನು ಸಾಕಿದ ನಾಯಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಬರುವವರ ವಿಷಯ. ಸಕಾರಣವಿಲ್ಲದೆ ಹಾಗೆ ಬಿಟ್ಟು ಹಸಿವು ನೀರಡಿಕೆಗೆ ಗುರಿ ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೊದಲ ತಪ್ಪಿಗೆ ಕಾಯ್ದೆ ಬರೆದಿರುವ ದಂಡ ಕೇವಲ 10ರಿಂದ 50 ರೂಪಾಯಿ! ಹಿರಿಯೂರಿಗೆ ಹೋಗಿಬರುವ ಬಸ್ ಚಾರ್ಜಿಗೂ ಸಾಲದು. ದಂಡಕ್ಕೆ ಹೆದರಿ ಯಾರೂ ನಾಯಿ ಸಾಕುವುದಿಲ್ಲ. ತರುವ ಮುಂಚೆ ಯೋಚಿಸುವುದೇ ದಾರಿ.

ಕೆಲಸ ಸಿಕ್ಕಿತು

ಬಟ್ಟೆ ವ್ಯಾಪಾರಿ ಅಂದು ನಾಯಿಯನ್ನು ಎಲ್ಲೂ ಬಿಡದೆ ವಾಪಸು ತಂದರು. "ಅದ್ರ ಕೆಲ್ಸ ಇಲ್ಲಿ ಇಲ್ಲ ಅಂದ್ರಲ್ಲ ಅಜ್ಜ, ಹಾಗಾದ್ರೆ ಎಲ್ಲಿದೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ದೆ" ಎನ್ನುತ್ತಾರೆ. ಈಗ ಬೆಳಿಗ್ಗೆ ಐದಕ್ಕೆ ಮಗ ಅದನ್ನು ಕರೆದುಕೊಂಡು ಒಂದು ಗಂಟೆ ಓಡುತ್ತಾನೆ. ಹಗಲು ಅಂಗಡಿಯ ಒಳಕೋಣೆಯಲ್ಲಿ, ಗಿರಾಕಿಗಳ ಮಕ್ಕಳಿಂದ ದೂರ, ಅದಕ್ಕೆ ಉದ್ಯೋಗ. ಕತ್ತರಿಸಿ ಉಳಿದ ಚೂರು ಬಟ್ಟೆಗಳನ್ನು ಬಾಯಲ್ಲಿ ಕಚ್ಚಿ ಬುಟ್ಟಿಗೆ ಹಾಕುವುದು. ಕೆಂಪು, ಹಸಿರು ಎಂದು ಗಂಟು ಗುರುತಿಟ್ಟು ಹೇಳಿದರೆ ಹೇಳಿದ್ದನ್ನೇ ತರುತ್ತದೆ. ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಕೆಲಸದವರೆಲ್ಲ ಹೊರಗೆ ಬಂದರೇ ಎಂದು ಒಳಗೆ ಒಂದು ಸುತ್ತು ಹೊಡೆದು ಬರುತ್ತದೆ. ಆಮೇಲೆಯೇ ಬೀಗ. ಸ್ಕೂಟರ್ ಚಾಳಿ ಪೂರಾ ಬಿಟ್ಟಿಲ್ಲ, ಕಡಿಮೆಯಾಗಿದೆ.

ಅತ್ತ ಐಮಂಗಲದ ಬಳಿ ಕರಿಯ ಇನ್ನೂ ರಸ್ತೆಗೆ ಅಡ್ಡ ನಿಲ್ಲುತ್ತಿದೆ. ಕೊನೆಯ ಮರಿ ದಾಟಲು ಬೇಕಾಗುವುದು ಎರಡು ನಿಮಿಷ. ಚಾಲಕರೂ, ಅವಸರದ ಪ್ರಯಾಣಿಕರೂ ಆ ಎರಡು ನಿಮಿಷ ಕೊಡುವರೇ?